ಸನ್ನಡತೆಯ ಫ್ಲೆಕ್ಸು

ಮಾಘ ಹುಟ್ಟಿ ವಾರವಾಗಿತ್ತು, ಚಳಿ ಮಾತ್ರ ಇನ್ನೂ ಪುಷ್ಯದ್ದೇ. ಗಣರಾಜ್ಯೋತ್ಸವದ ಮಾರನೆಯ ದಿನ ಬೆಳಗಿನ ಎಂಟರ ಹೊತ್ತಿಗೆ, ಮೇಗುಂದದ ಕಡೆಯಿಂದ ಬಂದು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಚಿಕ್ಕಕ್ಕನಿಗೆ ಎದುರಿಗೇ ಗಂಡ ಕಂಡ.

ಬಿ.ಪಿ. ಮಾತ್ರೆಗೆಂದು ಬಂದವಳು ಅಲ್ಲೇ ನಿಂತುಬಿಟ್ಟಳು. ಬೂತಪ್ಪ ಸತ್ತು ಹದಿನೈದು ವರ್ಷ. ಈಗ ನೋಡಿದರೆ ಎರಡು ಕಂಬಗಳ ನಡುವಿನ ಫ್ಲೆಕ್ಸಿನಲ್ಲಿ, ಮೊಳದುದ್ದದ ಮೀಸೆ ಹೊತ್ತು ನಗುತ್ತಿದ್ದಾನೆ. ಜೈಲಿನವರ ಹಾಗೆ ಮೇಲಿನವರೂ ಜನವರಿ ಇಪ್ಪತ್ತಾರಕ್ಕೆ ಬಿಡುಗಡೆ ಶುರು ಮಾಡಿದರೋ ಏನೋ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿದ್ದು ಸುಳ್ಳಲ್ಲ.

ಪಂಚಾಯ್ತಿ ಚುನಾವಣೆಯ ಕಾಲದಲ್ಲಿ, ಅರಳಿಕಟ್ಟೆಯ ಕಂಬಕ್ಕೆ ಯಾರ ಬಾವುಟ ಮೇಲೆ ಎಂದು ಜಗಳವಾಗಿ, ಎದುರು ಪಕ್ಷದ ಯೋಗೇಂದ್ರ ಕತ್ತಿ ಬೀಸಿದ್ದ. ಬೂತಪ್ಪ ಅಲ್ಲೇ ಮುಗಿದ. ಯೋಗೇಂದ್ರನಿಗೆ ಜೀವಾವಧಿ ಆಯಿತು. ಆಮೇಲೆ ಎರಡೂ ಕಡೆಯ ಮುಖಂಡರು ಒಂದೇ ಪಕ್ಷ ಸೇರಿ, ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದರು. ಮನೆಯಲ್ಲಿದ್ದ ಒಂದೇ ಒಂದು ಫೋಟೋವನ್ನು ಕೊಲೆಯ ಸುದ್ದಿಗೆಂದು ಪೇಪರಿನವನು ಕೇಳಿ ಒಯ್ದವನು ತಿರುಗಿ ಈ ಕಡೆ ತಲೆ ಹಾಕಲಿಲ್ಲ. ಹಿರಿಯರಿಗೆ ಎಡೆ ಇಡುವಾಗ ಚಿಕ್ಕಕ್ಕ ಗೋಡೆಗೆ ಗಂಡನ ಅಂಗಿ ತೂಗುಹಾಕುತ್ತಿದ್ದಳು. ಈಚೆಗೆ ಆ ಅಂಗಿಯ ಮೇಲೆ ಮುಖ ಕೂಡಿಸಲು ಎಷ್ಟು ತಿಣುಕಿದರೂ ಮೀಸೆಯೊಂದೇ ನೆನಪಿಗೆ ಬರುತ್ತಿತ್ತು.

ಎದುರಿನ ಫ್ಲೆಕ್ಸ್ ಅಂಗಡಿಯ ಮುಸವ್ವಿರ್ ಶಟರ್ ಎತ್ತುತ್ತಿದ್ದ.

"ಅದ್ರಲ್ಲಿ ಎಂತ ಬರ್ದಿದೆ ಮಾರಾಯ?"

"'ಸನ್ನಡತೆಯ ಮೇಲೆ ಬಿಡುಗಡೆಯಾದ ನಮ್ಮ ಹುಲಿ ಯೋಗೇಂದ್ರಣ್ಣನಿಗೆ ಸುಸ್ವಾಗತ' ಅಂತ. ಈಗ ಶಿವಮೊಗ್ಗ ಬಸ್ಸಿಗೆ ಬರ್ತಾರಂತೆ."

"ಸನ್ನಡತೆ ಅಂದ್ರೆ?"

"ಜೈಲೊಳಗೆ ಯಾರನ್ನೂ ಕಡ್ದಿಲ್ಲ ಅಂತ."

"ನಾನು ಹೊರಗಿದ್ದೂ ಯಾರನ್ನೂ ಕಡ್ದಿಲ್ಲ. ನಂಗ್ಯಾರೂ ಫ್ಲೆಕ್ಸ್ ಹಾಕ್ಲಿಲ್ಲ," ಎಂದಳು ಚಿಕ್ಕಕ್ಕ. "ಅದಿರ್ಲಿ. ಆ ಹುಲಿ ನಮ್ಮನೆಯವ್ರು. ಯೋಗೇಂದ್ರ ಕಡ್ದಿದ್ದು ಇವ್ರನ್ನೇ."

ಮುಸವ್ವಿರನ ಶಟರ್ ಅರ್ಧಕ್ಕೇ ನಿಂತಿತು. ಅವನು ಫೋನು ಮಾಡಿದ. ಯುವ ಘಟಕದ ನವೀನ, ಕೈಯಲ್ಲಿ ಸೇವಂತಿಗೆ ಹಾರ, ಹಿಂದೆ ಬ್ಯಾಂಡಿನವರು, ಓಡಿಬಂದ. ಕೊಲೆಯಾದಾಗ ಅವನಿನ್ನೂ ಒಂದನೇ ಕ್ಲಾಸು. ಹಳೆಯ ಪೇಪರಿನಲ್ಲಿ ಅಕ್ಕಪಕ್ಕ ಇದ್ದ ಎರಡು ಫೋಟೋದಲ್ಲಿ ಒಂದನ್ನು ಕತ್ತರಿಸಿ, ಫ್ಲೆಕ್ಸಿಗೆಂದು ಮುಸವ್ವಿರನ ವಾಟ್ಸಾಪಿಗೆ ಹಾಕಿದ್ದ.

"ಇಬ್ರಲ್ಲಿ ಕೊಲೆ ಮಾಡಿದವ್ರ ಹಂಗೆ ಕಂಡಿದ್ದು ಇವ್ರೇ," ಎಂದ ನವೀನ. "ಇನ್ನೊಬ್ರು ಹಾಲಿನ ಡೈರಿ ಗುಮಾಸ್ತನ ಹಂಗಿದ್ರು."

"ಗುಮಾಸ್ತನೇ ಆಗಿದ್ದ," ಎಂದಳು ಚಿಕ್ಕಕ್ಕ.

ನವೀನ ಬ್ಲೇಡು ತೆಗೆದ. ಅವಳು ಫ್ಲೆಕ್ಸಿನ ಕೆಳಗಿನ ತುದಿ ಎರಡೂ ಕೈಯಲ್ಲಿ ಹಿಡಿದಳು.

"ಹರೀಬೇಡ. ಬಿಚ್ಚಿ ನಂಗೆ ಕೊಡು."

"ಅಮ್ಮಾ, ಇದು ಹೊರಗೆ ಹೋದ್ರೆ ಪಕ್ಷದ ಮಾನ ಹೋಗತ್ತೆ. ಸುಟ್ಟೇ ಹಾಕ್ಬೇಕು."

"ಇವ್ರನ್ನ ಒಂದ್ಸಲ ಸುಟ್ಟಾಗಿದೆ ಮಾರಾಯ. ಎಷ್ಟು ಸಲ ಸುಡ್ತೀರಿ?"

ಅಷ್ಟರಲ್ಲಿ ಶಿವಮೊಗ್ಗ ಬಸ್ಸು ಬಂದೇಬಿಟ್ಟಿತು. ಬಾಗಿಲು ತೆರೆದ ಕೂಡಲೇ ಬಾರಿಸಿ ಎಂದು ಮೊದಲೇ ಹೇಳಿದ್ದರಿಂದ ಬ್ಯಾಂಡಿನವರು ಬಾರಿಸಿದರು. ತಲೆ ಪೂರಾ ನೆರೆತ ಯೋಗೇಂದ್ರ ಕೈಚೀಲ ಹಿಡಿದು ಇಳಿದ. ತಲೆ ಎತ್ತಿ ನೋಡಿದ. ಅವನ ಮುಖ ನೋಡಿ ಮೊದಲು ಕ್ಲಾರಿಯೊನೆಟ್ಟು ನಿಂತಿತು. ಡ್ರಮ್ಮಿನವನಿಗೆ ಗೊತ್ತಾಗುವುದು ಸ್ವಲ್ಪ ತಡವಾಯಿತು.

"ಇದು ನೀನು ಕಟ್ಸಿದ್ದಾ ಚಿಕ್ಕಕ್ಕ?"

"ನಿಮ್ಮವ್ರೇ ಕಟ್ಟಿದ್ದು. ಹಾರವೂ ಉಂಟು, ಹಾಕ್ಸ್ಕೋ."

ಯೋಗೇಂದ್ರ ಕೊರಳು ಬಗ್ಗಿಸಲಿಲ್ಲ.

"ಎರಡೇ ನಿಮಿಷ ಅಣ್ಣ, ಕಿತ್ತು ಬಿಸಾಕ್ತೀವಿ," ಎಂದ ನವೀನ.

ಚಿಕ್ಕಕ್ಕ ಹಿಡಿದ ತುದಿ ಬಿಡಲಿಲ್ಲ. "ಯೋಗೇಂದ್ರ, ಮೇಲಿನ ಗಂಟು ನಂಗೆ ಎಟುಕ್ತಿಲ್ಲ. ಬಾವುಟ ಕಟ್ಟಿ ಅಭ್ಯಾಸ ಇದ್ದವ್ನು ನೀನು. ಬಿಚ್ಚಿ ಕೊಡು. ಹರೀದಂಗೆ."

ಅವನು ಕೈಚೀಲ ಕೆಳಗಿಟ್ಟ. ಮುಸವ್ವಿರ್ ತಂದ ಸ್ಟೂಲು ಹತ್ತಿದ. ಮಂಜಿಗೆ ನೆನೆದ ಹಗ್ಗ ಬಿಗಿದುಕೊಂಡಿತ್ತು. ಉಗುರಿನಿಂದ, ಆಮೇಲೆ ಹಲ್ಲಿನಿಂದ, ಒಂದೊಂದೇ ಗಂಟು ಬಿಡಿಸಿದ. ಯಾರೂ ಫೋಟೋ ತೆಗೆಯಲಿಲ್ಲ. ತೆಗೆಯಲು ಹೋದ ಒಬ್ಬನ ಕೈಯನ್ನು ನವೀನನೇ ಹಿಡಿದು ಇಳಿಸಿದ.

"ಮಡಚ್ಬೇಡಿ, ಮುಖಕ್ಕೆ ಗೆರೆ ಬೀಳತ್ತೆ. ಸುತ್ತಿ," ಎಂದ ಮುಸವ್ವಿರ್.

ಒಂದು ತುದಿಗೆ ಚಿಕ್ಕಕ್ಕ, ಇನ್ನೊಂದಕ್ಕೆ ಯೋಗೇಂದ್ರ. ಅಕ್ಷರದ ಕಡೆಯಿಂದ ಸುತ್ತುತ್ತಾ ಬಂದರು. ಸನ್ನಡತೆ ಮೊದಲು ಒಳಗೆ ಹೋಯಿತು, ಆಮೇಲೆ ಹುಲಿ, ಕೊನೆಗೆ ಮೀಸೆ. ಯೋಗೇಂದ್ರ ಏನೋ ಹೇಳಲು ಬಾಯಿ ತೆರೆದ.

"ಈಗ ಎಂತದೂ ಹೇಳ್ಬೇಡ," ಎಂದಳು ಚಿಕ್ಕಕ್ಕ. "ನನ್ ಬಸ್ಸು ಹೊರಡ್ತಿದೆ."

ಅವನು ಚೀಲ ಎತ್ತಿಕೊಂಡು ಬರಿಗೊರಳಲ್ಲಿ ಪೇಟೆಯ ಕಡೆ ನಡೆದ. ಹಾರ ನವೀನನ ಕೈಯಲ್ಲೇ ಉಳಿಯಿತು.

"ಅಕ್ಕ, ಅದನ್ನ ಮೇಲೆ ಹಾಕಿ," ಎಂದ ಮೇಗುಂದ ಬಸ್ಸಿನ ಕಂಡಕ್ಟರು.

"ಮೇಲೆ ಹದಿನೈದು ವರ್ಷ ಇದ್ದು ಬಂದಿದ್ದಾರೆ. ಕಿಟಕಿ ಪಕ್ಕ ಕೂರ್ಲಿ ಬಿಡು."

ಮಾತ್ರೆ ಮರೆತೇ ಹೋಗಿತ್ತು. ಆ ಮಂಗಳವಾರ ಬೂತಪ್ಪ ಕೊಪ್ಪದಿಂದ ಮನೆಗೆ ಹೊರಟ.