ಜೋಡಿ ಈಡಿನ ಕೋವಿ

ನಾನು ಒಂದು ಕೋವಿ. ಒಂಟಿನಳಿಗೆಯ ಬಡಪಾಯಿಯಲ್ಲ, ಜೋಡುನಳಿಗೆಯವನು. ಹುಟ್ಟಿದ್ದು ಗಂಗೆಯ ದಡದ ಮುಂಗೇರಿನಲ್ಲಿ. ನನ್ನ ನಳಿಗೆ ಉಜ್ಜಿದವನಿಗೆ ಸದಾ ಕೆಮ್ಮು, ಅಕ್ರೋಟು ಮರದಲ್ಲಿ ನನ್ನ ಹಿಡಿ ಕೆತ್ತಿದವನಿಗೆ ಹಾಡಿನ ಹುಚ್ಚು. ಇಬ್ಬರದೂ ಕೆಲಸ ಚೆನ್ನಾಗಿತ್ತು. ಸ್ಪ್ರಿಂಗು ಕೂರಿಸಿದ ಮುದುಕನದೇ ಫಜೀತಿ. ನನ್ನ ಬೆನ್ನ ಮೇಲೆ ಎರಡು ಕುದುರೆಗಳಿವೆ. ಅವನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸದೆ ಕೆಳಗಿನ ಟ್ರಿಗರನ್ನು ಎಷ್ಟು ಒತ್ತಿದರೂ ನಾನು ಬಾಯಿ ಬಿಡುವವನಲ್ಲ. ಆ ಕುದುರೆಗಳನ್ನು ಮುದುಕ ಅದೆಷ್ಟು ಬಿಗಿ ಮಾಡಿದ್ದನೆಂದರೆ ಕಾರ್ಖಾನೆಯ ಮೇಸ್ತ್ರಿಯ ಉಗುರೇ ಕಿತ್ತುಬಂತು. "ಈ ಕತ್ತೆಯನ್ನು ಯಾವ ಪುಣ್ಯಾತ್ಮ ಕೊಳ್ಳುತ್ತಾನೋ!" ಎಂದು ಅವನು ನನ್ನನ್ನು ರೈಲಿಗೆ ಹಾಕಿಸಿದ.

ಅವನ ಬಾಯಿಗೆ ಸಕ್ಕರೆ ಹಾಕಬೇಕು. ಮೈಸೂರಿನ ಅಂಗಡಿಯ ಗೋಡೆಗೆ ಒರಗಿ ನಿಂತವನು ನಿಂತೇ ಇದ್ದೆ. ಬಂದವರೆಲ್ಲ ಕುದುರೆ ಎಳೆದು ನೋಡುವರು, ಹೆಬ್ಬೆರಳು ಊದಿಕೊಳ್ಳುವರು, ಪಕ್ಕದವನನ್ನು ಎತ್ತಿಕೊಂಡು ಹೋಗುವರು. ಮದುವೆಯಾಗದ ಹಿರಿಯ ಮಗಳ ಹಾಗೆ ನಾನು ಎಲ್ಲರನ್ನೂ ಕಳುಹಿಸಿಕೊಡುತ್ತಿದ್ದೆ.

ಒಂದು ದಿನ ಕೊಡಗಿನಿಂದ ಒಂದು ಸಂಸಾರ ಬಂತು. ಯಜಮಾನ ಪೂವಯ್ಯ ಸೈನ್ಯದಲ್ಲಿ ಹವಾಲ್ದಾರ, ರಜೆ ಮುಗಿಸಿ ಗಡಿಗೆ ಹೊರಡುವವನಿದ್ದ. ಹೆಂಡತಿ ಚೋಂದಮ್ಮ ಬಸುರಿ. ಅವಳ ಸೆರಗು ಹಿಡಿದು ನಾಲ್ಕು ವರ್ಷದ ಸೀತು. ಜೊತೆಗೆ ಪೂವಯ್ಯನ ದೊಡ್ಡಪ್ಪ ಕುಟ್ಟಪ್ಪ, ಬಿಳಿ ಮೀಸೆಯ ಗತ್ತಿನ ಮನುಷ್ಯ. ಅವರ ಮನೆ ಕಾಫಿ ತೋಟದ ನಡುವೆ ಒಂಟಿಯಾಗಿತ್ತು. ಕುಟ್ಟಪ್ಪನ ಮನೆಯೂ ಸೇರಿ ಹತ್ತಿರದ ಮನೆಗಳೆಲ್ಲ ಗದ್ದೆಯ ಆಚೆಗೆ. ಈಚೆಗೆ ಆ ಸೀಮೆಯಲ್ಲಿ ಗಂಡಸರಿಲ್ಲದ ಮನೆ ನೋಡಿ ಕಳ್ಳರು ನುಗ್ಗುತ್ತಿದ್ದರಂತೆ. ಪೂವಯ್ಯನಿಗೆ ಅದೇ ಚಿಂತೆ.

ಕುಟ್ಟಪ್ಪ ಪಿಸ್ತೂಲು ಎತ್ತಿದ. "ಹೆಂಗಸಿಗೆ ಇಷ್ಟು ಸಾಕು. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಲಿ."

"ದಿಂಬಿನ ಕೆಳಗೆ ನನ್ನ ಕೈ ಹೋಗುವ ಮೊದಲು ಸೀತು ಕೈ ಹೋಗ್ತದೆ ಮಾವ," ಎಂದಳು ಚೋಂದಮ್ಮ.

ಪೂವಯ್ಯ ರೈಫಲು ಎತ್ತಿದ. ಅವಳು ಅಂಗಡಿಯವನನ್ನೇ ಕೇಳಿದಳು, "ಇದರ ಗುಂಡು ಎಲ್ಲಿ ಹೋಗಿ ನಿಲ್ತದೆ?"

ಅವನು ಹೆಮ್ಮೆಯಿಂದ, "ಗೋಡೆ ಅಡ್ಡ ಬಂದರೂ ನಿಲ್ಲಲ್ಲಮ್ಮ," ಎಂದ.

"ಹಾಗಾದರೆ ಬೇಡ. ನಮ್ಮದು ಹಲಗೆ ಗೋಡೆ. ಆಚೆ ಕೋಣೆಯಲ್ಲಿ ತೊಟ್ಟಿಲು ಬರ್ತದೆ."

ಆಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು. ಖಾಲಿ ಇದ್ದೇನೆಂದು ನನ್ನನ್ನು ಮಡಚಿ ನೋಡಿ ಖಾತ್ರಿ ಮಾಡಿಕೊಂಡು ಸೀತುವಿನ ಹೆಬ್ಬೆರಳನ್ನು ನನ್ನ ಕುದುರೆಯ ಮೇಲಿಟ್ಟಳು. "ಎಳಿ ನೋಡುವ." ಮಗು ನಾಲಿಗೆ ಕಚ್ಚಿ ಎಳೆಯಿತು. ನಾನು ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಅವಳೇ ಎಳೆದಳು. ಎರಡೂ ಹೆಬ್ಬೆರಳು ಕೊಟ್ಟು ಎಳೆದಾಗ ಕಟಕ್ಕೆಂದು ಕೂತಿತು.

"ಇದನ್ನು ಬಿಚ್ಚಿಡಲು ಬರ್ತದಾ?"

"ಮೂರು ತುಂಡಾಗ್ತದಮ್ಮ. ನಳಿಗೆ, ಹಿಡಿ, ನಡುವಿನ ಮರ."

"ಎರಡು ಈಡೂ ಒಂದರ ಹಿಂದೆ ಒಂದು ಹಾರ್ತದಾ?"

"ರೆಪ್ಪೆ ಬಡಿಯುವುದರೊಳಗೆ."

"ಇದೇ ಇರಲಿ," ಎಂದಳು. ಮೊದಲ ಗುರಿ ತಪ್ಪಿದರೆ ಇನ್ನೊಂದು ಇರಲಿ ಎಂದು ಕೇಳಿದಳೆಂದೇ ನಾನು ತಿಳಿದೆ. ನನ್ನ ಬುದ್ಧಿ ಅಷ್ಟೇ.

ಅಂತೂ ಕೊಡಗಿನ ಮನೆ! ಆ ನಾಡಿನಲ್ಲಿ ಕೋವಿಗೆ ದೇವರ ಮುಂದೆ ಜಾಗ, ವರ್ಷಕ್ಕೊಮ್ಮೆ ಪೂಜೆ ಎಂದು ರೈಲಿನಲ್ಲಿ ಕೇಳಿದ್ದೆ. ನಡುಮನೆಯ ಗೋಡೆಯ ಮೇಲೆ ಮೆರೆಯುವ ಕನಸು ಕಾಣುತ್ತ ಹೋದೆ. ಚೋಂದಮ್ಮ ಮಾಡಿದ್ದೇನು? ನನ್ನನ್ನು ಬಿಚ್ಚಿ ನಳಿಗೆಯನ್ನು ಅಟ್ಟಕ್ಕೆ, ಹಿಡಿಯನ್ನೂ ನಡುವಿನ ಮರವನ್ನೂ ತನ್ನ ಸೀರೆಯ ಪೆಟ್ಟಿಗೆಗೆ ಹಾಕಿದಳು. ತೋಟಾಗಳು ಭತ್ತದ ಪತ್ತಾಯದೊಳಗೆ. ಬೀಗದ ಕೈ ಅವಳ ಸೊಂಟದಲ್ಲಿ. ನನಗೆ ಮೈಯೆಲ್ಲ ಉರಿದುಹೋಯಿತು.

ಕುಟ್ಟಪ್ಪನಿಗೂ ಉರಿಯಿತು. "ಕೋವಿಯನ್ನು ಕಡಿದ ಕೋಳಿಯ ಹಾಗೆ ತುಂಡು ಮಾಡಿ ಇಡುವುದುಂಟಾ? ಕಳ್ಳ ಬಂದಾಗ ಜೋಡಿಸ್ತಾ ಕೂರ್ತೀಯಾ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಯ್ತು!"

"ಕಳ್ಳ ಎಂದೋ ಬರ್ತಾನೆ, ಮಕ್ಕಳು ದಿನಾ ಇರ್ತವೆ ಮಾವ," ಎಂದು ಅವಳು ಕಾಫಿ ತಂದಿಟ್ಟಳು.

ಕುಟ್ಟಪ್ಪ ಎದ್ದು ಹೋದ ಮೇಲೆ ಶುರುವಾಯಿತು ನನ್ನ ಕವಾಯತು. ದಿನಾ ಸಂಜೆ ಒಲೆಯ ಮೇಲೆ ಅನ್ನಕ್ಕಿಟ್ಟು, ಸೀತುವನ್ನು ಅಂಗಳಕ್ಕೆ ಕಳಿಸಿ, ಬಾಗಿಲು ಹಾಕಿಕೊಂಡು ನನ್ನನ್ನು ಜೋಡಿಸುವಳು, ಬಿಚ್ಚುವಳು, ಮತ್ತೆ ಜೋಡಿಸುವಳು. ಮೊದಮೊದಲು ಅನ್ನ ಸೀದುಹೋಗುತ್ತಿತ್ತು. ಬರಬರುತ್ತ ಗಂಜಿ ಉಕ್ಕುವುದರೊಳಗೆ ನಾನು ಇಡಿಯಾಗಿ ಅವಳ ಕೈಯಲ್ಲಿರುತ್ತಿದ್ದೆ.

ಗಂಡುಮಗು ಹುಟ್ಟಿದಾಗ ನನ್ನ ಮೊದಲ ಈಡು. ಗಂಡು ಹುಟ್ಟಿದರೆ ಆಕಾಶಕ್ಕೆ ಒಂದು ಈಡು ಹೊಡೆಯುವುದು ಆ ನಾಡಿನ ಪದ್ಧತಿ. ಕುಟ್ಟಪ್ಪ ಮೀಸೆ ತಿರುವಿ ಢಂ ಎನ್ನಿಸಿದ. ಸೀತು ಅವನ ಪಂಚೆ ಜಗ್ಗಿ, "ತಾತ, ನನಗೂ ಒಂದು ಹೊಡಿ!" ಎಂದು ಹಟ ಹಿಡಿದಳು.

"ಅಯ್ಯೋ ಮಾರಾಯ್ತಿ! ಎರಡು ಹೊಡೆದರೆ ಸಾವು ಅಂತ ಅರ್ಥ. ಊರಿಗೆ ಊರೇ ಅಳ್ತಾ ಬಂದುಬಿಡ್ತದೆ," ಎಂದು ಅವನು ಅವಳನ್ನು ಹೆಗಲಿಗೇರಿಸಿಕೊಂಡ. ಜೋಡಿ ಈಡು ಕೇಳಿದರೆ ಉಣ್ಣುವವನೂ ಕೈ ತೊಳೆದು ಎದ್ದು ಬರಬೇಕು, ಜಗಳವಿದ್ದರೂ ಬರಬೇಕು. ಅದೂ ಅಲ್ಲಿನ ಪದ್ಧತಿಯೇ.

ಆಯುಧಗಳ ಹಬ್ಬ ಕೈಲ್ ಪೊಳ್ದ್ ಬಂತು. ಅಂದು ನನ್ನ ದರ್ಬಾರು. ದೀಪದ ಮುಂದೆ ಇಡಿಯಾಗಿ ನಿಂತು, ಗಂಧ ಹಚ್ಚಿಸಿಕೊಂಡು, ನಳಿಗೆಯ ತುದಿಗೆ ಕೆಂಪು ಹಳದಿಯ ತೋಕ್ ಪೂ, ಅಂದರೆ ಕೋವಿಯ ಹೂವು, ಸಿಕ್ಕಿಸಿಕೊಂಡೆ. ಮಧ್ಯಾಹ್ನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಕುಟ್ಟಪ್ಪ ಎರಡೂ ನಳಿಗೆಗೆ ತೋಟಾ ತುಂಬಿ, ಬಲಗಡೆಯದನ್ನು ಹಾರಿಸಿದ. ಕಾಯಿ ಚೂರುಚೂರು! ಜನ ಅವನನ್ನು ಎತ್ತಿಕೊಂಡು ಕುಣಿದರು. ಆ ಸಂಭ್ರಮದಲ್ಲಿ ಎಡಗಡೆಯ ತೋಟಾ ಯಾರಿಗೂ ನೆನಪಾಗಲಿಲ್ಲ.

"ಹಬ್ಬದ ದಿನವಾದರೂ ಪಾಪ, ಇಡೀ ಮೈಯಲ್ಲಿರಲಿ," ಎಂದು ಅವನು ಹೂವನ್ನು ಮತ್ತೆ ಸಿಕ್ಕಿಸಿ ನನ್ನನ್ನು ನಡುಮನೆಯ ಗೂಟಕ್ಕೆ ತಗುಲಿಹಾಕಿದ. ನೆಂಟರಿಗೆ ಬಡಿಸುತ್ತಿದ್ದ ಚೋಂದಮ್ಮ, ಒಂದು ದಿನ ತಾನೇ ಎಂದು ಸುಮ್ಮನಾದಳು. ನಾನೋ, ಹಿರಿಹಿರಿ ಹಿಗ್ಗಿದೆ.

ಮರುದಿನ ಬೆಳಗ್ಗೆ ಅವಳು ಕೊಟ್ಟಿಗೆಯಲ್ಲಿದ್ದಾಗ ಸೀತು ಮುಕ್ಕಾಲಿ ಎಳೆದು ಹತ್ತಿದಳು. ಬೇಕಿದ್ದದ್ದು ಹೂವು. ಹೂವಿನ ಜೊತೆ ನಾನೂ ಬಂದೆ. ಚಾಪೆಯ ಮೇಲೆ ಬಿದ್ದ ನನ್ನ ಬಾಯಿ ತೊಟ್ಟಿಲಿನ ಕಡೆಗಿತ್ತು. ತೊಟ್ಟಿಲಲ್ಲಿ ಅವಳ ತಮ್ಮ ಕಾಲು ಬಡಿಯುತ್ತ ನಗುತ್ತಿದ್ದ. ಸೀತು ಪಕ್ಕದಲ್ಲಿ ಕೂತು "ಠೋ!" ಎಂದು ಟ್ರಿಗರು ಒತ್ತಿದಳು. ಏನೂ ಆಗಲಿಲ್ಲ. ತಾತ ಮಾಡುವುದನ್ನು ನೋಡಿದ್ದ ಜಾಣೆ ಎಡಗಡೆಯ ಕುದುರೆಗೇ ಕೈಹಾಕಿದಳು. ಒಂದು ಹೆಬ್ಬೆರಳು. ಆಮೇಲೆ ಎರಡು. ಆಮೇಲೆ ಎದ್ದು ನಿಂತು ಮೈಭಾರವನ್ನೆಲ್ಲ ಬಿಟ್ಟಳು. ಕುದುರೆ ಕೂದಲೆಳೆಯಷ್ಟು ಅಲುಗಿತು. ದೇವರೇ, ಕಬ್ಬಿಣಕ್ಕೂ ಎದೆ ನಡುಗುತ್ತದೆ ಎಂದು ನನಗೆ ಗೊತ್ತಾದದ್ದು ಅಂದು. ಮುಂಗೇರಿನ ಆ ಮುದುಕನ ಕಾಲಿಗೆ ಮನಸ್ಸಿನಲ್ಲೇ ಬಿದ್ದೆ. ಸ್ಪ್ರಿಂಗು ಸೋಲಲಿಲ್ಲ. ಸೀತು ಬೇಸತ್ತು ಹೂವು ಎತ್ತಿಕೊಂಡು ಹೋದಳು.

ಚೋಂದಮ್ಮ ಬಂದು ನನ್ನನ್ನು ಮಡಚಿದಾಗ ಎಡಗಡೆಯಿಂದ ಕೆಂಪು ತೋಟಾ ಇಣುಕಿತು. ಅವಳು ಅಲ್ಲೇ ನೆಲಕ್ಕೆ ಕುಸಿದು, ಎರಡೂ ಮಕ್ಕಳನ್ನು ತಬ್ಬಿಕೊಂಡು ಅತ್ತಳು. ಸುದ್ದಿ ಕೇಳಿ ಕುಟ್ಟಪ್ಪ ಬಂದ. ಅವಳು ಬೈಯಲಿಲ್ಲ, ಆ ತೋಟಾವನ್ನು ಅವನ ಅಂಗೈಯಲ್ಲಿಟ್ಟಳು. ಮುದುಕನ ಮೀಸೆ ಅದುರಿತು. "ಈ ಕೈಗೆ ಕೊಳ್ಳಿ ಇಡಬೇಕು ಮಗಳೇ," ಎಂದ. ಅಂದಿನಿಂದ ಅವನು ಮನೆಗೆ ಬಂದಾಗಲೆಲ್ಲ ಮೊದಲು ಕೇಳುವ ಮಾತು, "ಬಿಚ್ಚಿಟ್ಟಿದ್ದೀಯಲ್ಲ?" ಅಟ್ಟದ ಮೇಲೆ ಕೂತು ಸಿಡುಕುವುದನ್ನು ನಾನೂ ಬಿಟ್ಟೆ.

ಮುಂದಿನ ಬೇಸಿಗೆ. ಕಣದಲ್ಲಿ ಕಾಫಿ ಒಣಗುತ್ತಿತ್ತು. ಮಧ್ಯಾಹ್ನ, ಆಳುಗಳೆಲ್ಲ ಸಂತೆಗೆ ಹೋಗಿದ್ದರು. ಮೂವರು ಜೀಪಿನಲ್ಲಿ ಬಂದು, "ಕರಿಮೆಣಸು ಕೊಳ್ಳುವವರು, ಯಜಮಾನರಿಲ್ಲವಾ?" ಎಂದು ಕೇಳಿದರು. ಆ ಸೀಮೆಯವರಲ್ಲ ಎಂದು ಮಾತಿನಲ್ಲೇ ಗೊತ್ತಾಗುತ್ತಿತ್ತು. ಬಾಗಿಲಿಗೆ ಒಬ್ಬ ಕಾಲು ಕೊಟ್ಟ. ಚೋಂದಮ್ಮ ಬಲವೆಲ್ಲ ಹಾಕಿ ತಳ್ಳಿ ಅಗುಳಿ ಜಡಿದಳು. ಅವರು ಹಾರೆ ತಂದು ಬಾಗಿಲು ಮೀಟತೊಡಗಿದರು.

ಮಕ್ಕಳನ್ನು ಪತ್ತಾಯದ ಹಿಂದೆ ಕೂರಿಸಿ ತೋಟಾ ತೆಗೆದಳು. ಅಟ್ಟದಿಂದ ನಳಿಗೆ ಬಂತು, ಪೆಟ್ಟಿಗೆಯಿಂದ ಹಿಡಿ ಬಂತು. ಅವಳ ಮುಖ ಬಿಳುಚಿತ್ತು, ಕೈ ಮಾತ್ರ ದಿನಾ ಸಂಜೆಯ ಕೈಯೇ. ಕಿಟಕಿಯಿಂದ ನನ್ನ ಬಾಯಿ ಹೊರಗೆ ಹಾಕಿದಾಗ ಹಾರೆ ಹಿಡಿದವನ ಎದೆ ನನಗೆ ಎದುರೇ ಇತ್ತು. ಈಗ ಬಿತ್ತು ನೋಡು ಎಂದುಕೊಂಡೆ. ಅವಳು ನನ್ನನ್ನು ಮೇಲಕ್ಕೆತ್ತಿದಳು. ಢಂ! ಢಂ! ಎರಡೂ ಆಕಾಶಕ್ಕೆ.

ಕಳ್ಳರು ಮೊದಲು ನೆಲಕ್ಕೆ ಬಿದ್ದರು. ಆಮೇಲೆ ಒಬ್ಬ ಎದ್ದು ನಕ್ಕ. "ಎರಡೂ ಮುಗೀತು. ಮತ್ತೆ ತುಂಬುವುದರೊಳಗೆ ಬಾಗಿಲು ಮುರಿಯೋ!" ನನಗೂ ಅವಳ ಮೇಲೆ ಕೋಪ ಬಂತು. ಇದ್ದ ಎರಡನ್ನೂ ಹೀಗೆ ಗಾಳಿಗೆ ತೂರುವುದೇ?

ಆಗ ಗದ್ದೆಯ ಆಚೆಯಿಂದ ಒಂದು ಗೋಳು ಕೇಳಿತು. ಇನ್ನೊಂದು ಕಡೆಯಿಂದ ಮತ್ತೊಂದು. ನೋಡನೋಡುತ್ತ ಏರಿಯ ಮೇಲೆ ಸಾವಿನ ಮನೆಗೆ ಉಡುವ ಬಿಳಿ ಬಟ್ಟೆಗಳು ಸಾಲುಗಟ್ಟಿದವು. ಗಂಡಸರು, ಹೆಂಗಸರು, ಚಟ್ಟಕ್ಕೆ ಬಿದಿರು ಕಡಿಯಲು ಕತ್ತಿ ಹಿಡಿದವರು, ಎಲ್ಲ ದಿಕ್ಕಿನಿಂದಲೂ ಓಡಿ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ನೆರೆಮನೆಯ ಹುಡುಗ ಐಯಣ್ಣ, "ಅಯ್ಯೋ ಕುಟ್ಟಪ್ಪಜ್ಜ, ಹೋಗಿಬಿಟ್ಟಿರಾ!" ಎಂದು ಎದೆ ಬಡಿದುಕೊಳ್ಳುತ್ತ ಬಂದ. ಅವನ ಹಿಂದೆಯೇ ಏದುಸಿರು ಬಿಡುತ್ತ ಕುಟ್ಟಪ್ಪ, "ಯಾರೋ ಹೋದದ್ದು? ನಾನು ಇಲ್ಲೇ ಇದ್ದೇನಲ್ಲ ಮಾರಾಯ!" ಎಂದ. ಕಳ್ಳರು ಜೀಪು ಹತ್ತುವ ಮೊದಲೇ ಹಲಸಿನ ಮರಕ್ಕೆ ಕಟ್ಟಿಸಿಕೊಂಡಿದ್ದರು.

ಬಾಗಿಲು ತೆರೆದಾಗ ಹಿರಿಯರೊಬ್ಬರು ಗದರಿದರು, "ಸಾವಿಲ್ಲದೆ ಜೋಡಿ ಈಡು ಹೊಡೆಯುವುದಾ? ಅಪಶಕುನ ಅಲ್ಲವಾ ಅದು?"

ಚೋಂದಮ್ಮನ ಕಂಕುಳಲ್ಲಿ ಮಗು, ಕಾಲಿಗೆ ಸೀತು ಅಂಟಿಕೊಂಡಿದ್ದಳು. "ಸತ್ತ ಮೇಲೆ ಹೇಗೂ ಬರ್ತಿದ್ದಿರಿ ಅಜ್ಜ. ಸಾಯುವ ಮೊದಲೇ ಬನ್ನಿ ಅಂತ ಕರೆದೆ," ಎಂದಳು. ಅಂಗಡಿಯಲ್ಲಿ ಅವಳು ಎರಡು ಈಡಿನ ಮಾತು ಏಕೆ ಕೇಳಿದ್ದಳೆಂದು ನನಗೆ ಆಗ ಹೊಳೆಯಿತು.

ಆಮೇಲೆ ನನ್ನ ಬದುಕು ಸಪ್ಪಗೆ, ಸುಖವಾಗಿ ನಡೆಯಿತು. ಹಬ್ಬಕ್ಕೆ ಒಂದು ಕಾಯಿ, ಉಳಿದ ದಿನ ಅಟ್ಟ. ಕುಟ್ಟಪ್ಪ ಹೋದ, ಪೂವಯ್ಯ ನಿವೃತ್ತನಾಗಿ ಬಂದು ಮನೆಯಲ್ಲೇ ಕಣ್ಣುಮುಚ್ಚಿದ. ಮುದುಕಿಯಾದ ಚೋಂದಮ್ಮ ಒಂದು ಬೆಳಗ್ಗೆ ಅಕ್ಕಿ ಆರಿಸುತ್ತಿದ್ದವಳು ಗೋಡೆಗೆ ಒರಗಿದಳು, ಮತ್ತೆ ಏಳಲಿಲ್ಲ. ಮಗ ಪಟ್ಟಣ ಸೇರಿದ್ದ; ತಾಯಿಯ ಜೊತೆ ಉಳಿದ ಸೀತುವಿನ ತಲೆಯೂ ಆಗ ನರೆತಿತ್ತು. ಅಟ್ಟದಿಂದ ನಳಿಗೆ ತಂದಳು, ಪೆಟ್ಟಿಗೆಯಿಂದ ಹಿಡಿ ತಂದಳು. ಅಂದು ಅಲುಗದ ಕುದುರೆಗಳನ್ನು ಎರಡೂ ಹೆಬ್ಬೆರಳಿನಿಂದ ಎಳೆದು, ಅಂಗಳದಲ್ಲಿ ನಿಂತು ಎರಡು ಈಡು ಹೊಡೆದಳು.

ಎಲ್ಲರಿಗಿಂತ ಮೊದಲು ಬಂದವನು ಐಯಣ್ಣ. ಈಗ ಅವನೂ ಅಜ್ಜನೇ. ಬಿಳಿ ಬಟ್ಟೆ ಉಟ್ಟಿರಲಿಲ್ಲ, ಕೈಯಲ್ಲಿ ದೊಣ್ಣೆ ಹಿಡಿದಿದ್ದ. "ಎಲ್ಲಿ? ಎಲ್ಲಿ ಕಳ್ಳ?" ಎಂದು ಅಂಗಳದ ತುಂಬ ಹುಡುಕಿದ.

"ಈ ಸಲ ಕೈಗೆ ಸಿಗಲಿಲ್ಲ ಅಣ್ಣ," ಎಂದಳು ಸೀತು.

ಐಯಣ್ಣನ ದೊಣ್ಣೆ ಕೈಜಾರಿತು. ಮೆಟ್ಟಿಲ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತ. ಅವನ ಪಕ್ಕದಲ್ಲೇ ಗೋಡೆಗೆ ಒರಗಿದ್ದ ನನ್ನ ನಳಿಗೆ ಇನ್ನೂ ಬಿಸಿಯಾಗಿತ್ತು.

ಸಂಜೆ ಎಲ್ಲರೂ ಹೋದ ಮೇಲೆ ಸೀತು ನನ್ನನ್ನು ಒರೆಸಿ, ಎಣ್ಣೆ ಹಾಕಿ, ಬಿಚ್ಚಿದಳು. ಈಗ ನನಗೆ ವಯಸ್ಸಾಗಿದೆ, ತುದಿಯಲ್ಲಿ ತುಕ್ಕು ಹಿಡಿದಿದೆ. ನಳಿಗೆ ಅಟ್ಟದಲ್ಲಿದೆ, ಹಿಡಿ ಪೆಟ್ಟಿಗೆಯಲ್ಲಿ, ಚೋಂದಮ್ಮನ ಹಳೆಯ ಸೀರೆಗಳ ನಡುವೆ. ಇಡಿಯಾಗಿ ಗೋಡೆಯ ಮೇಲೆ ಮೆರೆಯಬೇಕೆಂಬ ಆಸೆ ಎಂದೋ ಹೋಯಿತು. ಅಟ್ಟಕ್ಕೂ ಪೆಟ್ಟಿಗೆಗೂ ನಡುವಿನ ಆ ನಡುಮನೆಯಲ್ಲಿ ಸೀತುವಿನ ಮೊಮ್ಮಕ್ಕಳು ದಿನವಿಡೀ ಓಡಾಡಿಕೊಂಡಿರುತ್ತವೆ.