ಸೂಲಗಿತ್ತಿ ಮಲಗಿದ ಜಾಗ

ಸಿಂಧನೂರಿನ ಹೊರವಲಯದ ಹಳೆಯ ಖಬರಸ್ತಾನದ ಗೋಡೆಗೆ ಕೆಂಪು ಗೆರೆ ಬಿದ್ದಿತ್ತು. ರಸ್ತೆ ಅಗಲವಾಗಲಿತ್ತು. ಮುಂದಿನ ಸಾಲಿನ ಗೋರಿಗಳ ವಾರಸುದಾರರು ಶುಕ್ರವಾರದೊಳಗೆ ಅಸ್ಥಿ ತೆಗೆದು ಒಳಗೆ ಹೂಳಬೇಕಿತ್ತು. ಸುದ್ದಿ ಕೇಳಿದಾಗಿನಿಂದ ಮಸ್ಕಿಯಲ್ಲಿ ಟೀಚರಾಗಿದ್ದ ಕೌಸರ್‌ಗೆ ಊಟ ಸೇರಲಿಲ್ಲ. ಅವಳ ದಾದಿ, ಅಪ್ಪನ ತಾಯಿ, ಸೂಲಗಿತ್ತಿ ಮೆಹಬೂಬ್‌ಬೀಯನ್ನು ಹೂಳಿದ್ದು ಅಲ್ಲೇ. ಆದರೆ ಯಾವ ಜಾಗದಲ್ಲಿ?

ಹೆಸರು ಮಾಡಿದವರ ಗೋರಿಗಳನ್ನು ಊರೇ ಬಲ್ಲದು. ಗದೆ ಕೆತ್ತಿದ ಕಲ್ಲು ನಿಜಾಮರ ಕಾಲದ ಪೈಲ್ವಾನನದು. ನೀಲಿ ಸುಣ್ಣದ್ದು, ಕಾಲುವೆ ತೋಡುವಾಗ ಬಂಡೆ ಉರುಳಿ ಸತ್ತ ಮೇಸ್ತ್ರಿಯದು. ಕಾಲುವೆಗೆ ನೀರು ಬಿಟ್ಟಾಗ ಜವಳಗೇರಾದ ರೈತರು ಇಂದಿಗೂ ಅಲ್ಲಿ ಊದುಬತ್ತಿ ಹಚ್ಚುತ್ತಾರೆ. ಅರ್ಧ ಊರಿನ ಕೂಸುಗಳನ್ನು ಅಂಗೈಯಲ್ಲಿ ಹಿಡಿದ ಸೂಲಗಿತ್ತಿಗೆ ಮಾತ್ರ ಒಂದು ಕಲ್ಲೂ ಇರಲಿಲ್ಲ. ಗುರುತಿಗಿದ್ದ ಬೇವಿನ ಮರವೂ ಯಾವಾಗಲೋ ಗಾಳಿಗೆ ಬಿದ್ದಿತ್ತು.

"ಮುಂದಿನ ಸಾಲಿನಾಗ, ಮೂಲ್ಯಾಗ ಅದ. ಅಬ್ಬಾ ಹಂಗ ಹೇಳ್ತಿದ್ದರು," ಎಂದ, ಅವಳನ್ನು ಬೈಕಿನಲ್ಲಿ ಖಬರಸ್ತಾನಕ್ಕೆ ಕರೆತಂದ ಅಣ್ಣ ಇಶ್ತಿಯಾಕ್.

ಸುದ್ದಿ ತಿಳಿದು ಕಿರಾಣಿ ಅಂಗಡಿಯ ಕಲ್ಯಾಣಮ್ಮ ಏದುಸಿರು ಬಿಡುತ್ತ ಬಂದಳು. ಅವಳು ಹುಟ್ಟಿದ್ದು ಮೆಹಬೂಬ್‌ಬೀಯ ಕೈಯಲ್ಲೇ.

"ಅಲ್ಲಲ್ಲೋ ತಮ್ಮಾ, ಆಯಿ ಹಿಂದಿನ ಸಾಲಿನಾಗ ಅದಾಳ. ಮಣ್ಣು ಕೊಡುವಾಗ ನಮ್ಮವ್ವ ನನ್ನ ಕರಕೊಂಡು ಬಂದಿದ್ಲು. ಈ ದಿಬ್ಬಾನ ಅದು."

"ಹಂಗಾದ್ರ ಚಿಂತಿಲ್ಲ ಬಿಡ್ರಿ. ಹಿಂದಿನ ಸಾಲು ಉಳೀತದ," ಎಂದು ಇಶ್ತಿಯಾಕ್ ಬೈಕಿನ ಕಡೆ ತಿರುಗಿದ.

ಕೌಸರ್ ಹೊರಡಲಿಲ್ಲ. ಮೂಲೆಯ ದಿಬ್ಬಕ್ಕೂ ಹಿಂದಿನ ದಿಬ್ಬಕ್ಕೂ ಓಡಾಡಿದಳು. ಇಬ್ಬರಲ್ಲಿ ಯಾರ ಮಾತು ನಂಬಬೇಕು?

"ಮೂಲ್ಯಾಗ ಇದ್ದಾಕಿ ದಾದಿ ಅಲ್ಲಂದ್ರ ಯಾರು, ಭೈಯಾ? ಆಕಿ ಮಂದಿ ಯಾರೂ ಬರಲಿಲ್ಲ ಅಂತ ಮ್ಯಾಲ ಮಷಿನ್ ಹಾಯಿಸ್ತಾರೇನು?"

"ಯಾರದೋ ಏನೋ, ನಾವ್ಯಾಕ ಅಗೀಬೇಕು?"

"ದಾದಿ ಹೆರಿಗಿಗೆ ಹೋಗುವಾಗ ಯಾರ ಮನಿ ಅಂತ ಕೇಳ್ತಿದ್ಲೇನು?"

ಇಶ್ತಿಯಾಕ್ ಅಗೆಯುವವರನ್ನು ಹುಡುಕಲು ಹೊರಟ.

ಶುಕ್ರವಾರ ಬೆಳಿಗ್ಗೆ ಮೂಲೆಯ ದಿಬ್ಬ ಅಗೆಸಿದರು. ಹೆಂಗಸರು ಒಳಗೆ ಬರಬಾರದೆಂದು ಹಿರಿಯರೊಬ್ಬರು ಗೊಣಗಿದರು. ಕೌಸರ್ ಸೆರಗು ಬಿಗಿದುಕೊಂಡು ಅಲ್ಲೇ ನಿಂತಳು. ಸಿಕ್ಕಿದ್ದು ನಾಲ್ಕಾರು ಎಲುಬು. ಬಿಳಿ ಬಟ್ಟೆಯಲ್ಲಿ ಸುತ್ತಿ ಪೈಲ್ವಾನನ ಪಕ್ಕ ಹೂಳಿದರು. ಕಲ್ಯಾಣಮ್ಮ ಕೊಡದಲ್ಲಿ ತಂದ ನೀರನ್ನು ಹಸಿ ಮಣ್ಣಿನ ಮೇಲೆ ಸುರಿದಳು.

"ಒಂದು ಕಲ್ಲು ನಿಲ್ಲಿಸಿ ದಾದಿ ಹೆಸರು ಬರಸೋಣೇನು?" ಇಶ್ತಿಯಾಕ್ ಮೆಲ್ಲಗೆ ಕೇಳಿದ.

"ಬ್ಯಾಡ. ಬ್ಯಾರೆಯಾಕಿ ಆಗಿದ್ರ?"

ಮುಂದಿನ ಭಾನುವಾರ ಬಂದು ನೋಡಿದರೆ ಗೋಡೆ ಇರಲಿಲ್ಲ, ಲಾರಿಗಳು ಧೂಳೆಬ್ಬಿಸುತ್ತಿದ್ದವು. ಕೌಸರ್ ಹೊಸ ಗೋರಿಯ ಬಳಿಯೂ ಹಿಂದಿನ ಸಾಲಿನ ದಿಬ್ಬದ ಬಳಿಯೂ ನಿಂತು, ಸತ್ತವರಿಗಾಗಿ ಫಾತಿಹಾ ಓದಿದಳು. ಒಂದು ಕಡೆ ಓದುವಾಗ ಮನಸ್ಸು ಇನ್ನೊಂದು ಕಡೆ ಎಳೆಯುತ್ತಿತ್ತು.