ಕಾಗೆ ಮುಟ್ಟಿದ ಎಡೆ

ಹಾಲು ಉಕ್ಕಿ ಒಲೆಯ ಮೇಲೆ ಹರಿದಾಗ ರಾಧಾಮಣಿ ಅಡುಗೆಮನೆಯಲ್ಲಿರಲಿಲ್ಲ. ಗಂಡನ ಮೇಜಿನ ಖಾನೆಯನ್ನು ಮೂರನೇ ಸಲ ಎಳೆದು ನೋಡುತ್ತಿದ್ದಳು. ಗಂಡ ಅಂಜಿನಮೂರ್ತಿಯ ಹನ್ನೊಂದನೇ ದಿನದ ತಿಥಿ ನಿನ್ನೆ ಮುಗಿದಿತ್ತು. ಶಾಮಿಯಾನದವರು ಬೆಳಿಗ್ಗೆ ಬೇಗ ಬಂದು ಕುರ್ಚಿಗಳನ್ನು ಹೇರಿಕೊಂಡು ಹೋಗಿದ್ದರು. ನಲ್ಲಿಯಲ್ಲಿ ನೀರು ಬಂದಿತ್ತು. ಐ.ಡಿ.ಹಳ್ಳಿಗೆಲ್ಲ ಅದೊಂದು ಮಂಗಳವಾರ.

ಖಾನೆಯಲ್ಲಿ ನಂಬರ್ ಬರೆದ ಬೆಂಕಿಪೊಟ್ಟಣಗಳು ಸಾಲಾಗಿದ್ದವು. ಎರಡು, ಮೂರು, ನಾಲ್ಕು, ಹೀಗೆ ಹದಿನೇಳರವರೆಗೆ. ಒಂದನೇ ನಂಬರಿನದು ಇರಲಿಲ್ಲ.

ಮೂರ್ತಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಬೇಸಿಗೆ ರಜೆ ಬಂದರೆ ಲೋಕದ ಗಂಡಸರು ಹೆಂಡತಿಯ ತವರಿಗೆ ಹೋದರೆ ಈತ ತಮಿಳುನಾಡಿನ ಅರಿಯಲೂರಿಗೆ ಹೋಗಿ ಜೇಡಿಮಣ್ಣು ಹೊತ್ತು ತರುತ್ತಿದ್ದ. ಅಲ್ಲಿ ಏಳು ಕೋಟಿ ವರ್ಷದ ಹಿಂದೆ ಸಮುದ್ರವಿತ್ತಂತೆ. ನಮ್ಮಲ್ಲಿ ಮಣ್ಣಿಗೇನು ಬರವೇ ಎಂದು ಕೇಳಿ ಕೇಳಿ ಅವನ ತಾಯಿ ಈರಕ್ಕ ಸುಮ್ಮನಾಗಿದ್ದಳು. ಆ ಮಣ್ಣನ್ನು ನೆನೆಸಿ, ಜರಡಿಯಲ್ಲಿ ತೊಳೆದು, ಉಳಿದ ಮರಳನ್ನು ಸೂಕ್ಷ್ಮದರ್ಶಕದಡಿ ಹರಡಿ, ಒದ್ದೆ ಕುಂಚದ ತುದಿಯಿಂದ ಒಂದೊಂದೇ ಬಿಳಿ ಚೂರು ಎತ್ತಿಡುವುದು ಅವನ ಸಂಜೆಯ ಕೆಲಸ. ನಕ್ಷತ್ರಮೀನಿನ ದಾಯಾದಿ ಒಂದಿದೆ, ಹಾವಿನಂಥ ಐದು ತೋಳಿನದು. ಸತ್ತ ಮೇಲೆ ಅದು ಇಡಿಯಾಗಿ ಉಳಿಯುವುದಿಲ್ಲ. ಸಾಸಿವೆಗಿಂತ ಸಣ್ಣ ಫಲಕಗಳಾಗಿ ಉದುರಿಹೋಗುತ್ತದೆ. ಆದರೆ ತೋಳಿನ ಪಕ್ಕದ ಒಂದು ಫಲಕ ಸಿಕ್ಕಿದರೂ ಸಾಕು, ಅದು ಯಾರೆಂದು ಹೇಳಬಹುದು. ಮೂರ್ತಿಗೆ ಸಿಕ್ಕು ಒಂದನೇ ಪೊಟ್ಟಣ ಸೇರಿದ್ದ ಫಲಕದಲ್ಲಿ ಮುಳ್ಳು ಕೂರುವ ಗುಳಿಗಳು ಮೂರೇ ಇದ್ದವು, ಸುತ್ತ ಲಾಳದ ಆಕಾರದ ಅಂಚು. ಈವರೆಗೆ ಗೊತ್ತಿದ್ದ ಅದರ ನೆಂಟರಿಗೆಲ್ಲ ಐದೋ ಆರೋ. ಹೊಸ ಪ್ರಭೇದ ಎಂದು ವಿಜ್ಞಾನ ಪತ್ರಿಕೆಯೊಂದಕ್ಕೆ ಬರೆದು ಕಳಿಸಿದ್ದ. ಚಿತ್ರ ಬರೆದವಳು ರಾಧಾಮಣಿ. ಅವಳದೂ ಪ್ರಾಣಿಶಾಸ್ತ್ರದ ಎಂ.ಎಸ್ಸಿ.

ಪತ್ರಿಕೆಯವರ ಉತ್ತರ ಬಂದದ್ದು ಅವನು ಹೋದ ಐದನೇ ದಿನ. ಒಂದೇ ಫಲಕವಿದೆ, ಹುಟ್ಟಿನಿಂದ ಊನವಾದ ಪ್ರಾಣಿಯದಿರಬಹುದು. ಅಂಥದೇ ಇನ್ನೊಂದನ್ನು ಈ ತಿಂಗಳೊಳಗೆ ತೋರಿಸಿದರೆ ಹೊಸದೆಂದು ಒಪ್ಪುತ್ತೇವೆ, ಇಲ್ಲವಾದರೆ ಲೇಖನ ವಾಪಸ್. ತಿಂಗಳು ಮುಗಿಯಲು ಈಗ ಆರೇ ದಿನ ಉಳಿದಿತ್ತು. ಹನ್ನೊಂದು ದಿನ ಅತ್ತದ್ದೂ ಇಲ್ಲದ, ಕೊಟ್ಟದ್ದು ಉಂಡು ಹೇಳಿದಲ್ಲಿ ಕೂತಿದ್ದ ರಾಧಾಮಣಿಗೆ ಈ ಬೆಳಿಗ್ಗೆ ಅದೊಂದು ಮಾತ್ರ ನೆನಪಿತ್ತು. ಎರಡನೆಯದನ್ನು ಹುಡುಕಬೇಕಾದವಳಿಗೆ ಈಗ ಮೊದಲನೆಯದೇ ಇಲ್ಲ.

ಅತ್ತೆಯನ್ನು ಕೇಳಿದಳು. ಈರಕ್ಕ ಜಗಲಿಯ ಕಡೆ ನೋಡಿದಳು. ಅಲ್ಲಿ ಕಾಫಿ ಕುಡಿಯುತ್ತಿದ್ದ ಮೂರ್ತಿಯ ಚಿಕ್ಕಪ್ಪ ರೇಣುಕಯ್ಯ ಲೋಟ ಕೆಳಗಿಟ್ಟ.

"ಕಾಗೆ ಮುಟ್ಲಿಲ್ಲ ಕಣವ್ವ," ಅಂದ.

ನಿನ್ನೆ ಹೊಲದಲ್ಲಿ, ಮೂರ್ತಿಯನ್ನು ಮಣ್ಣು ಮಾಡಿದ ಜಾಗದಲ್ಲಿ, ಎಡೆ ಇಟ್ಟದ್ದು ರೇಣುಕಯ್ಯನೇ. ಕೋಳಿಸಾರು, ಮುದ್ದೆ, ವಡೆ, ಖಾರಾಬೂಂದಿ, ಸಾಲದ್ದಕ್ಕೆ ಒಂದು ತಂಪುಪಾನೀಯದ ಬಾಟಲಿಯನ್ನೂ ಬಿರಡೆ ತೆಗೆದು ಇಟ್ಟಿದ್ದ. ಹುಣಸೆಮರದ ಮೇಲೆ ಕೂತ ಕಾಗೆ ಎಲ್ಲವನ್ನೂ ನೋಡಿ ಮುಖ ತಿರುಗಿಸಿತಂತೆ. ಒಂದೂವರೆ ಗಂಟೆ ಕಾದದ್ದಾಯಿತು. ಹಸಿದ ನೆಂಟರು ಮೂರ್ತಿಗೇನೋ ಆಸೆ ಉಳಿದಿದೆ ಎಂದು ಮಾತಾಡತೊಡಗಿದರು.

"ಅವುನ್ಗೆ ಏನಿಷ್ಟ ಅಂತ ನೆನುಸ್ಕಂಡೆ. ಯಾವಾಗ್ಲೂ ಆ ಪೊಟ್ಟಣ ಇಟ್ಕಂಡು ಕಣ್ಣು ಕೀಲಿಸ್ಕಂಡ್ ಕೂತಿರ್ತಿದ್ನಲ್ಲ. ಮನೇಗ್ ಬಂದು ಒಂದನೇ ನಂಬರ್ದು ತಗಂಡೋಗಿ ಎಲೆ ಮೇಲೆ ಸುರುದೆ. ಸುರುದು ಇನ್ನೂ ಕೈ ತೆಗ್ದಿಲ್ಲ, ಬಂದ್ಬುಡ್ತು. ಸಾರು ಮುಟ್ಲಿಲ್ಲ, ಸೀದಾ ಅದುನ್ನೇ ತಿಂತು. ನಿಂತೋರೆಲ್ಲ ಕೈ ಮುಗುದ್ರು."

"ಅವುನ್ ಜೀವ ಅದ್ರಾಗೇ ಇತ್ತು," ಎಂದಳು ಈರಕ್ಕ, ಸೆರಗಿನಿಂದ ಕಣ್ಣೊತ್ತಿಕೊಂಡು.

"ಚಿಕ್ಕಮಾವ, ಅದು ಏಳು ಕೋಟಿ ವರ್ಷದ್ದು."

ರೇಣುಕಯ್ಯ ಗಾಬರಿಯಾದ. "ಅಂಗಾರೆ ಕಾಗೆ ಹೊಟ್ಟೆಗೇನೂ ಆಗಾಕಿಲ್ವಾ?"

ರಾಧಾಮಣಿಗೆ ಎಲ್ಲಿಂದಲೋ ನಗು ಬಂತು. ತಡೆಯಲು ಹೋದರೆ ಮೂಗಿನಿಂದ ಬಂತು. ಸೊಸೆಗೆ ಕೊನೆಗೂ ಅಳು ಬಂತೆಂದು ಈರಕ್ಕ ನೆಮ್ಮದಿಯಿಂದ ಬೆನ್ನು ಸವರಿದಳು. ರೇಣುಕಯ್ಯನಿಗೆ ತಪ್ಪಿನ ಗಾತ್ರ ಅರ್ಥವಾಗುತ್ತಿದ್ದಂತೆ ಪರಿಹಾರಗಳು ಹೊಳೆಯತೊಡಗಿದವು. ಆ ಕಾಗೆಯ ಗುರುತು ತನಗಿದೆ, ಎಡಗಾಲು ಕುಂಟು. ಹುಣಸೆಮರದ ಕೆಳಗೆ ಗೋಣಿತಾಟು ಹಾಸಿ ಕಾದರೆ ಇವತ್ತಲ್ಲದಿದ್ದರೆ ನಾಳೆ ಹೊರಗೆ ಬಂದೇ ಬರಬೇಕಲ್ಲ ಎಂದ. ಅವಳು ಒಂದು ನಿಮಿಷ ಅದನ್ನೂ ಯೋಚಿಸಿದಳು. ಕಾಗೆಯ ಹೊಟ್ಟೆಯಲ್ಲಿ ಸುಣ್ಣದ ಚೂರು ಕರಗಿ ಹೋಗಿರುತ್ತದೆ, ಬೇಡ ಎಂದಳು. ಆದರೂ ಅವನು ಗೋಣಿತಾಟು ಹೆಗಲಿಗೇರಿಸಿಕೊಂಡು ಹೊರಟ.

ಮಧ್ಯಾಹ್ನದವರೆಗೆ ಉಳಿದ ಹದಿನಾರು ಪೊಟ್ಟಣಗಳನ್ನೂ ಸೂಕ್ಷ್ಮದರ್ಶಕದಡಿ ಹರವಿದಳು. ಐದು ಗುಳಿಯವು, ಆರು ಗುಳಿಯವು, ಬರೀ ಮುಳ್ಳು. ಮೂರು ಗುಳಿಯದು ಒಂದೂ ಇಲ್ಲ. ಪೊಟ್ಟಣಗಳನ್ನು ಮುಚ್ಚುವ ಹೊತ್ತಿಗೆ ಪಕ್ಕದ ಮನೆಯ ಕೆಂಚಮ್ಮ ಬಂದು ಜಗಲಿಯಲ್ಲಿ ಕೂತಳು. ಎಮ್ಮೆಯ ಕಾಲುನೋವು, ಮಗಳ ಬಾಣಂತನ, ಮಧುಗಿರಿ ಬಸ್ಸಿನ ರಶ್ಶು, ಎಲ್ಲ ಮುಗಿಸಿದಳು. ಎದ್ದು ಹೊರಡುವವಳಂತೆ ಮಾಡಿ ಮತ್ತೆ ಕೂತಳು.

"ಸೂತಕದ ಮನೇಲಿ ಕೇಳ್ಬಾರ್ದು ಅಂತ ಹನ್ನೊಂದು ದಿನ ತಡ್ಕಂಡಿದೀನಿ ಕಣಮ್ಮ. ನಿನ್ ಗಂಡ ಅರ್ಧ ಗಂಟೇಲಿ ಕೊಡ್ತೀನಿ ಅಂತ ನನ್ ವಂದ್ರಿ ಇಸ್ಕಂಡೋದ. ಹೋದ್ ಯುಗಾದಿ ಹಬ್ಬದ್ ಮುಂದೆ. ಆವತ್ನಿಂದ ಹಳೇ ಸೀರೇಲಿ ಹಿಟ್ಟು ಸೋಸ್ತಾ ಇದೀನಿ. ಸತ್ತೋರ್ನ ಬೈಬಾರ್ದು. ಬದುಕಿದ್ದಾಗ ಮಾತ್ರ ಚೆನ್ನಾಗೇ ಬೈದಿದೀನಿ."

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಆ ವಂದ್ರಿ, ಹಿಟ್ಟಿನ ಜರಡಿ, ಸಿಕ್ಕಿತು. ತಂತಿಯ ತುಂಬ ಬೂದುಬಣ್ಣದ ಜೇಡಿ ಒಣಗಿತ್ತು. ಕಲ್ಲಿಗೆ ಎರಡು ಬಾರಿ ಬಡಿದರೆ ಉದುರುತ್ತಿತ್ತು. ಎತ್ತಿದ ಕೈ ಹಾಗೇ ನಿಂತಿತು. ಬಲೆಯ ಕಣ್ಣುಗಳಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳು. ಕೆಳಗೆ ಉದುರುವಷ್ಟು ಸಣ್ಣವಲ್ಲ, ಮೇಲೆ ಉಳಿಯುವಷ್ಟು ದೊಡ್ಡವೂ ಅಲ್ಲ.

ಒಳಗೆ ಬಂದು ಮೂರ್ತಿಯ ನೋಟ್‌ಬುಕ್ ತೆರೆದಳು. ಯಾವ ಚೀಲದ ಮಣ್ಣನ್ನು ಯಾವುದರಲ್ಲಿ ತೊಳೆದೆ ಎಂದು ಪ್ರತಿಯೊಂದನ್ನೂ ಬರೆದಿಡುವವನು. ಕೊನೆಯ ಸಾಲು: "ನಾಲ್ಕನೇ ಚೀಲ, ಒಂದನೇ ನಂಬರಿನ ಫಲಕ ಇದರಲ್ಲೇ ಸಿಕ್ಕಿತು. ನಮ್ಮ ಜರಡಿ ಹರಿದಿದೆ, ಕೆಂಚಮ್ಮನ ವಂದ್ರಿ. ವಾಪಸ್ ಕೊಡಬೇಕು." ಕೊನೆಯ ಮಾತಿನ ಕೆಳಗೆ ಎರಡು ಗೆರೆ.

"ನಾಳೆ ಬೆಳಿಗ್ಗೆ ಕೊಡ್ತೀನಿ ಕೆಂಚಮ್ಮ," ಎಂದಳು ಬಾಗಿಲಿಗೆ ಬಂದು.

"ಅವುನೂ ಅಂಗೇ ಅಂತಿದ್ದ," ಎಂದು ಕೆಂಚಮ್ಮ ಎದ್ದಳು.

ಮೂರ್ತಿಯ ಕುಂಚವನ್ನು ನೀರಿಗದ್ದಿ ವಂದ್ರಿಯ ಒಂದೊಂದು ಕಣ್ಣನ್ನೂ ಬಿಡಿಸಿದಳು. ಹನ್ನೊಂದು ಚೂರು ಬಂದವು. ಮೊದಲ ಐದು ಏನೂ ಅಲ್ಲ. ಆರನೆಯದನ್ನು ಕೆಳಗಿಟ್ಟು ಮಸೂರ ತಿರುಗಿಸಿದಾಗ ಲಾಳದಂಥ ಅಂಚು ಸ್ಪಷ್ಟವಾಯಿತು. ಒಂದು, ಎರಡು, ಮೂರು ಗುಳಿ. ಎಣಿಸಿದಳು. ಕಣ್ಣು ತೆಗೆದು, ಕಿಟಕಿಯಾಚೆ ಸ್ವಲ್ಪ ಹೊತ್ತು ನೋಡಿ, ಮತ್ತೆ ಎಣಿಸಿದಳು. ಒಂಬತ್ತನೆಯದಕ್ಕೂ ಮೂರೇ.

ಚಿತ್ರ ತೆಗೆದು, ಪತ್ರಿಕೆಯವರ ನಮೂನೆ ತುಂಬಿ ಮೇಲ್ ಬರೆದಳು. ಮೊದಲ ಫಲಕ ಎಲ್ಲಿ ಎಂದು ಕೇಳಿದ್ದ ಜಾಗದಲ್ಲಿ "ಕಾಗೆ ತಿಂದಿದೆ" ಎಂದು ಬರೆದು, ಅಳಿಸಿ, "ಕಳೆದಿದೆ" ಎಂದಳು. ಜರಡಿಯ ಬಗೆ ಎಂಬಲ್ಲಿ ಅವನು ಬರೆದಂತೆಯೇ ಬರೆದಳು: ಕೆಂಚಮ್ಮನ ವಂದ್ರಿ. ಸಂಜೆ ರೇಣುಕಯ್ಯ ಖಾಲಿ ಗೋಣಿತಾಟು ಮಡಚಿಕೊಂಡು ಬಂದ. ಹೆಗಲಿನ ಮೇಲೆ ಮಾತ್ರ ಕಾಗೆ ತನ್ನ ಗುರುತು ಬಿಟ್ಟಿತ್ತು. ಬೇಕಾ ಎಂದು ಕೇಳಿದ. ಬೇಡ ಚಿಕ್ಕಮಾವ, ಸಿಕ್ಕಿತು ಎಂದಳು.

ಮಾರನೆಯ ಬೆಳಿಗ್ಗೆ ವಂದ್ರಿಯನ್ನು ತೊಳೆದು ಒಣಗಿಸಿದಳು. ಇಸಕೊಂಡದ್ದನ್ನು ಬರಿದಾಗಿ ವಾಪಸ್ ಕೊಡಬಾರದೆಂದು ಈರಕ್ಕ ಅದರಲ್ಲೊಂದು ಅಚ್ಚು ಬೆಲ್ಲ ಇಟ್ಟಳು.

ತನ್ನ ಮನೆಯ ಬಾಗಿಲಲ್ಲಿ ಕೆಂಚಮ್ಮ ಬೆಲ್ಲ ತೆಗೆದು ಮಡಿಲಿಗಿಟ್ಟುಕೊಂಡು ವಂದ್ರಿಯನ್ನು ಆಕಾಶಕ್ಕೆ ಹಿಡಿದು ನೋಡಿದಳು. "ಇಲ್ಲೊಂದು ಕಣ್ಣು ಅಗಲ ಆಗೈತೆ."

"ಆರನೆಯದನ್ನ ಬಿಡಿಸುವಾಗ ಆಯ್ತು," ಎಂದಳು ರಾಧಾಮಣಿ.

ಆರನೆಯದು ಏನೆಂದು ಕೆಂಚಮ್ಮ ಕೇಳಲಿಲ್ಲ. ಮೊರದಿಂದ ಎರಡು ಬೊಗಸೆ ಹಿಟ್ಟು ಸುರಿದು, ಅಂಗೈಯಿಂದ ತಟ್ಟಿ ಆಡಿಸತೊಡಗಿದಳು. ಹಿಟ್ಟು ಕೆಳಗೆ ಹಾಸಿದ್ದ ಹಾಳೆಯ ಮೇಲೆ ತೆಳ್ಳಗೆ ಹರಡುತ್ತ ಬಂತು. ನಡುವೆ ಆ ಒಂದು ಕಣ್ಣಿನ ಕೆಳಗೆ ಮಾತ್ರ ಸಣ್ಣ ಗುಡ್ಡೆಯೊಂದು ಏಳುತ್ತಿತ್ತು. ಹೊಸಿಲ ಮೇಲೆ ಕೂತು ರಾಧಾಮಣಿ ಅದನ್ನೇ ನೋಡಿದಳು.